ಒಂದೇ ಮುಖದ ಏಳು ಮಂದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಣೆಯಾದವರನ್ನೂ ಅಪರಾಧಿಗಳನ್ನೂ ಕಂಪ್ಯೂಟರಿನ ನೆರವಿನಿಂದ ಮುಖ ನೋಡಿ ಪತ್ತೆ ಹಚ್ಚುವ ತಂತ್ರಜ್ಞಾನದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಉಳಿಸಿದ್ದೇವೆ.

ಪ್ರಶ್ನೆ: ಮಾನಸಿಕ ಕಾಯಿಲೆಯಿದ್ದ ನನ್ನ ತಮ್ಮ ಆರು ವರ್ಷಗಳ ಹಿಂದೆ ಜಾತ್ರೆಗೆ ಹೋದವನು ಮರಳಲಿಲ್ಲ. ಆಗ ಠಾಣೆಗೆ ದೂರು ಕೊಟ್ಟಿದ್ದೆವು. ಈಗ ಮುಖ ಗುರುತಿಸುವ ಕ್ಯಾಮೆರಾಗಳು ಬಂದಿವೆ ಎನ್ನುತ್ತಾರೆ. ನಮ್ಮಲ್ಲಿರುವುದು ಮದುವೆ ಮನೆಯಲ್ಲಿ ತೆಗೆದ ಗುಂಪು ಚಿತ್ರ ಒಂದು, ಸ್ಟುಡಿಯೋದಲ್ಲಿ ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಚಿತ್ರ ಒಂದು. ಇವುಗಳಿಂದ ಪ್ರಯೋಜನವಿದೆಯೇ?
– ಹಾವೇರಿ

ಉತ್ತರ: ಪ್ರಯೋಜನವಿದೆ, ಆದರೆ ಕ್ಯಾಮೆರಾದಿಂದ ಅಲ್ಲ. ಬೀದಿಯ ಕ್ಯಾಮೆರಾ ನಿಮ್ಮ ತಮ್ಮನವರನ್ನು ತಾನಾಗಿಯೇ ಹುಡುಕಿ ಕೊಡುತ್ತದೆ ಎಂದು ಕಾಯಬೇಡಿ. ಇಂಥ ಪ್ರಕರಣಗಳಲ್ಲಿ ಈ ತಂತ್ರಜ್ಞಾನ ಮಾಡುವುದು ಎರಡು ಚಿತ್ರಸಂಗ್ರಹಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ಕೆಲಸವನ್ನು. ಒಂದರಲ್ಲಿ ಕಾಣೆಯಾದವರ ಚಿತ್ರಗಳಿರುತ್ತವೆ, ಇನ್ನೊಂದರಲ್ಲಿ ಆಶ್ರಯಧಾಮ, ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಸಿಕ್ಕ, ತಮ್ಮ ವಿಳಾಸ ಹೇಳಲಾಗದವರ ಚಿತ್ರಗಳಿರುತ್ತವೆ. ನಿಮ್ಮ ತಮ್ಮನವರು ದೂರದ ರಾಜ್ಯವೊಂದರ ಆಶ್ರಯಧಾಮದಲ್ಲಿ ಸುರಕ್ಷಿತವಾಗಿದ್ದು, ಅಲ್ಲಿ ಯಾರೂ ಅವರ ಚಿತ್ರ ತೆಗೆದು ದಾಖಲೆಗೆ ಸೇರಿಸಿರದಿದ್ದರೆ ಎಷ್ಟೇ ದುಬಾರಿ ತಂತ್ರಾಂಶ ತಂದರೂ ಅದಕ್ಕೆ ಹೋಲಿಸಲು ಏನೂ ಇರುವುದಿಲ್ಲ. ನಿಮ್ಮ ಕಡೆಯ ಚಿತ್ರ ಆರು ವರ್ಷಗಳ ಹಿಂದಿನ ಕಡತದಲ್ಲೇ ಉಳಿದಿದ್ದರೂ ಪರಿಣಾಮ ಅದೇ.

ಆದ್ದರಿಂದ ಮೊದಲು ಠಾಣೆಗೆ ಹೋಗಿ ದೂರಿನ ಸಂಖ್ಯೆಯನ್ನೂ ಎಫ್‌ಐಆರ್ ಪ್ರತಿಯನ್ನೂ ಕೇಳಿ ಪಡೆಯಿರಿ, ಮತ್ತು ಚಿತ್ರವನ್ನು ಪೊಲೀಸರ ಕಂಪ್ಯೂಟರ್ ಜಾಲಕ್ಕೆ ಸೇರಿಸಲಾಗಿದೆಯೇ, ಸೇರಿಸಿದ್ದರೆ ಅದು ಸ್ಪಷ್ಟವಾಗಿದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ಫೋಟೋಸ್ಟಾಟ್ ಪ್ರತಿಯನ್ನು ಮತ್ತೆ ಸ್ಕ್ಯಾನ್ ಮಾಡಿ ಹಾಕಿದ್ದರೆ ಅದು ಹಾಕದಂತೆಯೇ ಲೆಕ್ಕ. ಎರಡು ಚಿತ್ರಗಳಲ್ಲಿ ಪಾಸ್‌ಪೋರ್ಟ್ ಅಳತೆಯದನ್ನೇ ಮುಂದೆ ಮಾಡಿ. ನೇರ ನೋಟ, ಎರಡೂ ಕಣ್ಣು ಕಾಣುವುದು, ಮುಖದ ಮೇಲೆ ಸಮನಾದ ಬೆಳಕು, ಇವೇ ಯಂತ್ರಕ್ಕೆ ಬೇಕಾದವು. ಮೂಲ ಚಿತ್ರವನ್ನೇ ಸ್ಕ್ಯಾನ್ ಮಾಡಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಚಿತ್ರ ಕುಗ್ಗಿ ವಿವರಗಳು ಅಳಿಸುತ್ತವೆ. ಇನ್ನೊಂದು ಎಚ್ಚರಿಕೆ: ಹಳೆಯ ಚಿತ್ರವನ್ನು ಹೊಳಪು ಮಾಡಿಕೊಡುವ ಆ್ಯಪ್‌ಗಳು ಈಗ ಎಲ್ಲರ ಕೈಯಲ್ಲೂ ಇವೆ. ಅವು ಅಳಿಸಿಹೋದ ಮೂಗನ್ನೂ ತುಟಿಯನ್ನೂ ಊಹೆಯಿಂದ ಬರೆಯುತ್ತವೆ. ಹಾಗೆ ಸುಂದರವಾದ ಮುಖ ನಿಮ್ಮ ತಮ್ಮನದಾಗಿರುವುದಿಲ್ಲ.

ವಯಸ್ಕರ ಮುಖ ಆರು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗುವುದಿಲ್ಲ ಎಂಬುದು ನಿಮಗೆ ಅನುಕೂಲದ ಸಂಗತಿ. ಆದರೂ ಮುಖವೊಂದನ್ನೇ ನಂಬದೆ ಹಚ್ಚೆ, ಗಾಯದ ಗುರುತು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಯಾವ ಮಾತಿಗೆ ಅವರು ತಿರುಗಿ ನೋಡುತ್ತಿದ್ದರು ಎಂಬುದನ್ನೆಲ್ಲ ಬರೆದುಕೊಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಮಾನಸಿಕ ಕಾಯಿಲೆಯಿದ್ದು ಬೀದಿಯಲ್ಲಿ ಅಲೆಯುತ್ತಿರುವವರು ಸಿಕ್ಕಾಗ ಅವರನ್ನು ಕಾಣೆಯಾದವರೆಂದು ದಾಖಲಿಸಿ ಕುಟುಂಬವನ್ನು ಹುಡುಕುವುದು ಠಾಣಾಧಿಕಾರಿಯ ಕರ್ತವ್ಯ. ನಿಮ್ಮ ಊರಿನ ಠಾಣೆಗಿಂತ, ಅವರು ಸಿಕ್ಕಿರಬಹುದಾದ ಊರಿನ ಠಾಣೆಯ ಮೇಲೆ ಈ ಹೊಣೆ ಹೆಚ್ಚು.

ತಮ್ಮನವರಿಗೆ ಆಧಾರ್ ಆಗಿತ್ತೇ ಎಂಬುದನ್ನು ನೀವು ಬರೆದಿಲ್ಲ. ಆಗಿದ್ದರೆ ಇನ್ನೊಂದು ದಾರಿ ತೆರೆದಿದೆ. ಆಶ್ರಯಧಾಮದವರು ಅಲ್ಲಿರುವವರಿಗೆ ಹೊಸದಾಗಿ ಆಧಾರ್ ಮಾಡಿಸಲು ಹೋದಾಗ ಬೆರಳಚ್ಚು ಮೊದಲೇ ದಾಖಲಾಗಿದೆ ಎಂದು ಅರ್ಜಿ ತಿರಸ್ಕೃತವಾಗಿ, ಅದರ ಜಾಡು ಹಿಡಿದು ಮನೆ ಪತ್ತೆಯಾದ ಪ್ರಸಂಗಗಳು ಬೆಂಗಳೂರಿನಲ್ಲಿಯೂ ನಡೆದಿವೆ. ಬೆರಳಚ್ಚಿನ ಸಾಕ್ಷ್ಯ ಮುಖದ ಹೋಲಿಕೆಗಿಂತ ಗಟ್ಟಿಯಾದುದು. ಬೇರೆ ಊರಿನ ಧಾಮಗಳನ್ನು ಸಂಪರ್ಕಿಸುವಾಗ, ಅಲ್ಲಿರುವ ಅನಾಮಿಕರಿಗೆ ಆಧಾರ್ ನೋಂದಣಿಗೆ ಪ್ರಯತ್ನಿಸಿದ್ದೀರಾ ಎಂದು ಕೇಳುವುದನ್ನು ಮರೆಯಬೇಡಿ.

ಪ್ರಶ್ನೆ: ಕಂಪ್ಯೂಟರ್ ಮುಖವನ್ನು ಹೇಗೆ ಗುರುತಿಸುತ್ತದೆ? ಗಡ್ಡ ಬಿಟ್ಟರೆ, ಕನ್ನಡಕ ಹಾಕಿದರೆ ಮೋಸ ಹೋಗುತ್ತದೆಯೇ? ಅವಳಿಗಳ ಗತಿಯೇನು?
– ಮೈಸೂರು

ಉತ್ತರ: ನಾವು ನೀವು ಗುರುತಿಸುವಂತೆ ಅದು ಗುರುತಿಸುವುದಿಲ್ಲ. ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಮೊದಲು ಪತ್ತೆ ಮಾಡಿ, ಕಣ್ಣುಗಳು ಒಂದೇ ಮಟ್ಟಕ್ಕೆ ಬರುವಂತೆ ಚಿತ್ರವನ್ನು ಓರೆಕೋರೆಯಿಲ್ಲದೆ ಕೂರಿಸಿಕೊಂಡು, ಆ ಬಳಿಕ ಇಡೀ ಮುಖವನ್ನು ಕೆಲವು ನೂರು ಅಂಕಿಗಳ ಒಂದು ಸಾಲಾಗಿ ಪರಿವರ್ತಿಸುತ್ತದೆ. 128 ಅಥವಾ 512 ಅಂಕಿಗಳ ಸಾಲು ಸಾಮಾನ್ಯ. ಒಬ್ಬರದೇ ಎರಡು ಚಿತ್ರಗಳಿಂದ ಬಂದ ಸಾಲುಗಳು ಹತ್ತಿರ ಇರುವಂತೆಯೂ ಬೇರೆಯವರವು ದೂರ ಇರುವಂತೆಯೂ ಲಕ್ಷಾಂತರ ಮುಖಗಳನ್ನು ತೋರಿಸಿ ಅದಕ್ಕೆ ಮುಂಚಿತವಾಗಿ ತರಬೇತಿ ಕೊಟ್ಟಿರುತ್ತಾರೆ. ಎರಡು ಸಾಲುಗಳು ಎಷ್ಟು ಹತ್ತಿರ ಬಂದರೆ ಒಬ್ಬರೇ ಎನ್ನಬೇಕು ಎಂಬ ಗಡಿಯನ್ನು ಮಾತ್ರ ಮನುಷ್ಯರು ನಿಗದಿ ಮಾಡುತ್ತಾರೆ. ಗಡಿಯನ್ನು ಸಡಿಲ ಮಾಡಿದರೆ ಯಾರು ಯಾರನ್ನೋ ಒಬ್ಬರೆನ್ನುತ್ತದೆ, ಬಿಗಿ ಮಾಡಿದರೆ ಹುಡುಕುತ್ತಿದ್ದವರು ಎದುರಿಗೆ ಬಂದರೂ ಅಲ್ಲವೆನ್ನುತ್ತದೆ. ಎರಡು ತಪ್ಪುಗಳಲ್ಲಿ ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ.

ಗಡ್ಡ, ಕನ್ನಡಕಗಳಿಂದ ಇಂದಿನ ಉತ್ತಮ ತಂತ್ರಾಂಶಗಳು ಹೆಚ್ಚು ಮೋಸ ಹೋಗುವುದಿಲ್ಲ. ಮಬ್ಬು ಬೆಳಕು, ಮೇಲಿನಿಂದ ಕೆಳಗೆ ನೋಡುವ ಕ್ಯಾಮೆರಾ, ಓರೆ ನೋಟ ಇವೇ ದೊಡ್ಡ ಶತ್ರುಗಳು. ತದ್ರೂಪಿ ಅವಳಿಗಳ ವಿಷಯದಲ್ಲಿ ತಾಯಿ ಸುಲಭವಾಗಿ ಮಾಡುವ ಕೆಲಸವನ್ನು ಯಂತ್ರ ಇನ್ನೂ ಕಲಿತಿಲ್ಲ.

ಪ್ರಶ್ನೆ: ದೆಹಲಿಯಲ್ಲಿ ನಾಲ್ಕೇ ದಿನಗಳಲ್ಲಿ ಸುಮಾರು ಮೂರು ಸಾವಿರ ಕಾಣೆಯಾದ ಮಕ್ಕಳನ್ನು ಈ ತಂತ್ರಜ್ಞಾನ ಪತ್ತೆ ಮಾಡಿತೆಂದು ಓದಿದ್ದೆ. ಅದು ನಿಜವಾದರೆ ದೇಶದ ಎಲ್ಲ ಬಾಲಮಂದಿರಗಳಿಗೂ ಏಕೆ ತರುವುದಿಲ್ಲ?
– ಶಾಲಾ ಶಿಕ್ಷಕರು, ತುಮಕೂರು

ಉತ್ತರ: ಸುದ್ದಿ ಸುಳ್ಳಲ್ಲ, ಅರ್ಧ. ಕಾಣೆಯಾದ ಮಗುವೊಂದರ ಕುರಿತ ಅರ್ಜಿಯ ವಿಚಾರಣೆ ದೆಹಲಿ ಹೈಕೋರ್ಟಿನಲ್ಲಿ ನಡೆಯುತ್ತಿದ್ದಾಗ, ದೆಹಲಿ ಪೊಲೀಸರು 2018ರ ಏಪ್ರಿಲ್ 6ರಿಂದ 10ರವರೆಗೆ ಪ್ರಾಯೋಗಿಕವಾಗಿ ಮಕ್ಕಳ ಧಾಮಗಳಲ್ಲಿದ್ದ ಸುಮಾರು 45,000 ಮಕ್ಕಳ ಚಿತ್ರಗಳನ್ನು ಕಾಣೆಯಾದ ಮಕ್ಕಳ ಚಿತ್ರಗಳೊಂದಿಗೆ ಹೋಲಿಸಿದರು. 2,930 ಮಕ್ಕಳ ಗುರುತು ಸಿಕ್ಕಿತೆಂದು ವರದಿಯಾಯಿತು. ಪತ್ರಿಕೆಗಳು ಇದನ್ನು ಮೂರು ಸಾವಿರ ಮಕ್ಕಳು ಸಿಕ್ಕರು ಎಂದು ಬರೆದವು. ಆದರೆ ಇದು ಯಂತ್ರ ಹೋಲಿಕೆಯಿದೆ ಎಂದ ಸಂಖ್ಯೆಯೇ ಹೊರತು ಮನೆ ಸೇರಿದ ಮಕ್ಕಳ ಸಂಖ್ಯೆಯಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಈ ವ್ಯವಸ್ಥೆಯ ನಿಖರತೆ ಶೇ 2ರಷ್ಟು ಎಂಬ ಮಾಹಿತಿ ಅದೇ ಹೈಕೋರ್ಟಿನ ಮುಂದೆ ಬಂತು. 2019ರಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ, ನಿಖರತೆ ಶೇ 1ನ್ನೂ ಮುಟ್ಟುತ್ತಿಲ್ಲ, ಹುಡುಗ ಯಾರು ಹುಡುಗಿ ಯಾರು ಎಂಬ ವ್ಯತ್ಯಾಸವೂ ಅದಕ್ಕೆ ತಿಳಿಯುತ್ತಿಲ್ಲ ಎಂದಿತು. ಮೊದಲ ಸುದ್ದಿ ಓದಿದವರೆಲ್ಲರಿಗೂ ಇದು ತಲುಪಲಿಲ್ಲ.

ಏಕೆ ಹೀಗಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ತಾವು ಶಿಕ್ಷಕರಾದ್ದರಿಂದ ಮಕ್ಕಳಿಗೂ ಕೊಡಬಹುದು. ಧಾಮಗಳಲ್ಲಿರುವ ಮಕ್ಕಳು 45,000, ಕಾಣೆಯಾದವರ ಚಿತ್ರಗಳು ಒಂದು ಲಕ್ಷ ಎಂದಿಟ್ಟುಕೊಳ್ಳಿ. ಪ್ರತಿಯೊಂದನ್ನು ಪ್ರತಿಯೊಂದರೊಡನೆ ಹೋಲಿಸಿದರೆ 450 ಕೋಟಿ ಹೋಲಿಕೆಗಳಾಗುತ್ತವೆ. ಯಂತ್ರ ಬಹಳ ಒಳ್ಳೆಯದು, ಲಕ್ಷಕ್ಕೊಂದು ಬಾರಿ ಮಾತ್ರ ಬೇರೆಯವರನ್ನು ಒಬ್ಬರೇ ಎನ್ನುತ್ತದೆ ಎಂದು ಒಪ್ಪಿಕೊಂಡರೂ ತಪ್ಪು ಹೋಲಿಕೆಗಳು 45,000 ಬರುತ್ತವೆ, ಅಂದರೆ ಸರಾಸರಿ ಮಗುವಿಗೊಂದರಂತೆ. ಒಬ್ಬರ ಚಹರೆಯವರು ಲೋಕದಲ್ಲಿ ಏಳು ಮಂದಿ ಇರುತ್ತಾರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಇಲ್ಲಿ ಬರಿಯ ಮಾತಾಗಿ ಉಳಿಯುವುದಿಲ್ಲ. ಸಂಗ್ರಹ ದೊಡ್ಡದಾದಷ್ಟೂ ಆ ಏಳು ಮಂದಿ ಒಂದೇ ಕಪಾಟಿಗೆ ಬಂದು ಸೇರುತ್ತಾರೆ. ಮೇಲಾಗಿ ಇವರು ಮಕ್ಕಳು. ಮೂರು ವರ್ಷದ ಮಗು ಹತ್ತು ವರ್ಷಕ್ಕೆ ಬರುವಷ್ಟರಲ್ಲಿ ದವಡೆ ಉದ್ದವಾಗಿ, ಮೂಗು ಏರಿ, ಹಾಲುಹಲ್ಲು ಹೋಗಿ ಮುಖದ ಅಳತೆಯೇ ಬದಲಾಗಿರುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪರೀಕ್ಷಾ ವರದಿಯಲ್ಲೂ ಮಕ್ಕಳ ಮತ್ತು ವೃದ್ಧರ ವಿಷಯದಲ್ಲಿ ತಪ್ಪು ಹೋಲಿಕೆಗಳು ಹೆಚ್ಚೆಂದು ಕಂಡುಬಂದಿತ್ತು.

ಹಾಗೆಂದು ಇದನ್ನು ಕೈಬಿಡಬೇಕೆಂದು ನಾನು ಹೇಳಲಾರೆ. ತೆಲಂಗಾಣ ಪೊಲೀಸರು 'ದರ್ಪಣ್' ಎಂಬ ತಂತ್ರಾಂಶದಿಂದ ಬೇರೆ ಬೇರೆ ರಾಜ್ಯಗಳ ದಾಖಲೆಗಳನ್ನು ಹೋಲಿಸಿ, ಉತ್ತರ ಪ್ರದೇಶದಿಂದ 2015ರಲ್ಲಿ ಕಾಣೆಯಾಗಿದ್ದ ಬಾಲಕನೊಬ್ಬನನ್ನು 2020ರಲ್ಲಿ ಅಸ್ಸಾಂನ ಮಕ್ಕಳ ಧಾಮದಲ್ಲಿ ಗುರುತಿಸಿದ್ದು ಸಣ್ಣ ಸಂಗತಿಯಲ್ಲ. ಮೂರು ರಾಜ್ಯಗಳ ಮೂರು ಕಡತಗಳನ್ನು ಒಬ್ಬ ಪೇದೆ ಕೈಯಿಂದ ತಿರುವಿ ಹಾಕಿ ಇದನ್ನು ಸಾಧಿಸುವುದು ಅಸಾಧ್ಯವಾಗಿತ್ತು. ಇಲ್ಲಿ ಯಂತ್ರ ತಪ್ಪಿದರೂ ಆಗುವ ಹಾನಿಗೆ ಒಂದು ಮಿತಿಯಿದೆ: ತಾಯಿ ಬಂದು ಮಗುವನ್ನು ನೋಡುತ್ತಾಳೆ, ಅನುಮಾನವಿದ್ದರೆ ಡಿಎನ್‌ಎ ಪರೀಕ್ಷೆ ನಡೆಯುತ್ತದೆ, ಮಕ್ಕಳ ಕಲ್ಯಾಣ ಸಮಿತಿ ಒಪ್ಪದೆ ಮಗು ಯಾರ ಕೈಗೂ ಹೋಗುವುದಿಲ್ಲ. ಸುಳ್ಳು ಆಸೆ ಹೊತ್ತು ರಾತ್ರಿಯ ರೈಲು ಹತ್ತಿ ಬಂದ ತಾಯಿಯ ಸಂಕಟವನ್ನು ನಾನು ಹಗುರ ಮಾಡುತ್ತಿಲ್ಲ, ಆದರೆ ತಪ್ಪು ಅಲ್ಲಿಗೇ ತಿಳಿದುಬಿಡುತ್ತದೆ. ಮುಂದಿನ ಪತ್ರದ ವಿಷಯ ಹಾಗಲ್ಲ.

ಪ್ರಶ್ನೆ: ಕಳ್ಳರನ್ನೂ ಕೊಲೆಗಾರರನ್ನೂ ಹಿಡಿಯಲು ಈ ತಂತ್ರಜ್ಞಾನ ಬಳಸಿದರೆ ತಪ್ಪೇನು? ತಪ್ಪು ಮಾಡದವರು ಏಕೆ ಹೆದರಬೇಕು?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ತಪ್ಪು ಮಾಡದ ಒಬ್ಬರ ಅನುಭವವನ್ನೇ ಕೇಳಿ. 2018ರಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರದ ಅಂಗಡಿಯೊಂದರಿಂದ ಕೈಗಡಿಯಾರಗಳು ಕಳವಾದವು. ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕ ಮಬ್ಬು ಚಿತ್ರವನ್ನು ತಂತ್ರಾಂಶಕ್ಕೆ ಕೊಟ್ಟಾಗ ಅದು ಒಬ್ಬರ ಹಳೆಯ ಚಾಲನಾ ಪರವಾನಗಿಯ ಚಿತ್ರವನ್ನು ಮುಂದಿಟ್ಟಿತು. ಪೊಲೀಸರು ಆ ಚಿತ್ರವನ್ನು ಇತರ ಐವರ ಚಿತ್ರಗಳ ಜೊತೆ ಸೇರಿಸಿ ಭದ್ರತಾ ಸಂಸ್ಥೆಯ ಉದ್ಯೋಗಿಯೊಬ್ಬರಿಗೆ ತೋರಿಸಿದರು. ಕಳವು ನಡೆದಾಗ ಅಲ್ಲಿರದೆ ಬರಿಯ ವಿಡಿಯೊ ನೋಡಿದ್ದ ಅವರು, ವಿಡಿಯೊದಲ್ಲಿದ್ದವನನ್ನು ಹೋಲುವ ಚಿತ್ರವನ್ನೇ ಆರಿಸಿದರು. 2020ರ ಜನವರಿಯಲ್ಲಿ ಆ ಗೃಹಸ್ಥರನ್ನು ಮನೆಯ ಮುಂದೆ, ಹೆಂಡತಿ ಮಕ್ಕಳ ಎದುರಿಗೆ ಕೋಳ ಹಾಕಿ ಕರೆದೊಯ್ದು ಸುಮಾರು 30 ಗಂಟೆ ಇರಿಸಿಕೊಂಡರು. ಅವರಿಗೂ ಕಳವಿಗೂ ಸಂಬಂಧವೇ ಇರಲಿಲ್ಲ.

ಈ ಪ್ರಕರಣದಲ್ಲಿ ಎಲ್ಲರೂ ಯಂತ್ರವನ್ನು ದೂರುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಯಂತ್ರದ ನಂತರದ ಹೆಜ್ಜೆ. ಯಂತ್ರ ಆರಿಸಿ ಕೊಟ್ಟ ವ್ಯಕ್ತಿ ಮೂಲ ಚಿತ್ರವನ್ನು ಹೋಲಲೇಬೇಕು, ಏಕೆಂದರೆ ಹೋಲುವವರನ್ನು ಹುಡುಕುವುದೇ ಅದರ ಕೆಲಸ. ಅಂಥವರ ಚಿತ್ರವನ್ನು ಸಾಕ್ಷಿಯ ಮುಂದಿಟ್ಟು ಇವನೇ ಏನು ಎಂದು ಕೇಳಿದರೆ ಹೌದೆನ್ನುವುದು ಸಹಜ. ಅದು ಎರಡನೆಯ ಸಾಕ್ಷ್ಯವಲ್ಲ, ಮೊದಲನೆಯದೇ ವೇಷ ಬದಲಿಸಿ ಬಂದದ್ದು. ಸಾಕ್ಷ್ಯ ಬೇರೆ ಕಡೆಯಿಂದ ಬರಬೇಕು: ಆ ಹೊತ್ತಿನಲ್ಲಿ ವ್ಯಕ್ತಿ ಎಲ್ಲಿದ್ದರು, ಫೋನ್ ಎಲ್ಲಿತ್ತು, ಕಳವಾದ ವಸ್ತು ಯಾರ ಬಳಿ ಸಿಕ್ಕಿತು ಎಂಬಂಥವು. ಮುಖದ ಹೋಲಿಕೆಯೊಂದರ ಆಧಾರದ ಮೇಲೆ ಬಂಧಿಸುವುದಿಲ್ಲವೆಂದು ಡೆಟ್ರಾಯ್ಟ್ ಪೊಲೀಸರು 2024ರ ಜೂನ್‌ನಲ್ಲಿ ರಾಜಿಯಲ್ಲಿ ಒಪ್ಪಿಕೊಂಡರು.

ನಮ್ಮಲ್ಲಿ ಏನಿದೆ? ಶೇ 80ಕ್ಕಿಂತ ಹೆಚ್ಚು ಅಂಕ ಬಂದ ಹೋಲಿಕೆಯನ್ನು ಸರಿಯಾದ ಗುರುತೆಂದು ಪರಿಗಣಿಸುವುದಾಗಿ ದೆಹಲಿ ಪೊಲೀಸರು ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಇಂಟರ್‌ನೆಟ್ ಫ್ರೀಡಂ ಫೌಂಡೇಶನ್ ಎಂಬ ಸಂಸ್ಥೆ ಕೇಳಿದ ಮಾಹಿತಿ ಹಕ್ಕು ಅರ್ಜಿಗೆ ಉತ್ತರಿಸಿದ್ದು 2022ರಲ್ಲಿ ಬೆಳಕಿಗೆ ಬಂತು. ಇಲ್ಲಿನ 80 ಎಂಬುದು ಎರಡು ಅಂಕಿಸಾಲುಗಳ ಹತ್ತಿರಕ್ಕೆ ಕೊಟ್ಟ ಅಂಕ. ನೂರರಲ್ಲಿ ಎಂಬತ್ತು ಬಾರಿ ಇವರೇ ಆರೋಪಿ ಎಂಬ ಅರ್ಥ ಅದಕ್ಕಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿದ ತಮಗೆ ಸಹಿಯ ಹೋಲಿಕೆ ಪರಿಚಿತ. ಸಹಿ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ತಾವು ದೊಡ್ಡ ಮೊತ್ತದ ಚೆಕ್ ಪಾಸು ಮಾಡುತ್ತಿರಲಿಲ್ಲ.

ರೈಲು ನಿಲ್ದಾಣ, ವೃತ್ತಗಳಲ್ಲಿ ಓಡಾಡುವ ಎಲ್ಲರ ಮುಖವನ್ನೂ ಆ ಕ್ಷಣದಲ್ಲೇ ಹೋಲಿಸುವ ಬಳಕೆ ಇನ್ನೂ ಕಠಿಣ. ದಿನಕ್ಕೆ ಒಂದು ಲಕ್ಷ ಜನ ಹಾದುಹೋಗುವ ಕಡೆ ಸಾವಿರಕ್ಕೊಂದು ತಪ್ಪಾದರೂ ದಿನಕ್ಕೆ ನೂರು ನಿರಪರಾಧಿಗಳ ಮುಖದ ಮೇಲೆ ಕೆಂಪು ಚೌಕ ಬೀಳುತ್ತದೆ. ಹುಡುಕುತ್ತಿರುವ ಆರೋಪಿ ಅಂದು ಅಲ್ಲಿಗೆ ಬರದೆಯೂ ಇರಬಹುದು. ಪರದೆಯ ಮುಂದೆ ಕುಳಿತ ಸಿಬ್ಬಂದಿ ನೂರನ್ನೂ ಶಾಂತವಾಗಿ ಪರಿಶೀಲಿಸುತ್ತಾರೆಯೇ, ಇಲ್ಲವೇ ಮೂರನೆಯ ದಿನದಿಂದ ಎಚ್ಚರಿಕೆಯ ಸದ್ದನ್ನೇ ಅಡಗಿಸುತ್ತಾರೆಯೇ? ಯುರೋಪಿಯನ್ ಒಕ್ಕೂಟ 2024ರಲ್ಲಿ ಮಾಡಿದ ಕೃತಕ ಬುದ್ಧಿಮತ್ತೆಯ ಕಾನೂನು ಪೊಲೀಸರು ಸಾರ್ವಜನಿಕ ಸ್ಥಳಗಳಲ್ಲಿ ಹೀಗೆ ಕೂಡಲೇ ಗುರುತಿಸುವುದನ್ನು ಸಾಮಾನ್ಯವಾಗಿ ನಿಷೇಧಿಸಿ, ಕೆಲವೇ ವಿನಾಯಿತಿಗಳನ್ನು ಕೊಟ್ಟಿದೆ. ಕಾಣೆಯಾದವರ ಹುಡುಕಾಟ, ಅಪಹರಣ ಮತ್ತು ಮಾನವ ಸಾಗಣೆಗೆ ಸಿಕ್ಕವರ ಪತ್ತೆ, ಜೀವಕ್ಕೆ ಎದುರಾದ ತಕ್ಷಣದ ಅಪಾಯ ಮತ್ತು ಗಂಭೀರ ಅಪರಾಧಗಳ ಶಂಕಿತರ ಪತ್ತೆ ಅವು. ಅದಕ್ಕೂ ಸಾಮಾನ್ಯವಾಗಿ ಮೊದಲೇ ನ್ಯಾಯಾಲಯದ ಅಥವಾ ಸ್ವತಂತ್ರ ಪ್ರಾಧಿಕಾರದ ಅನುಮತಿ ಬೇಕು.

ಪ್ರಶ್ನೆ: ಬೆಂಗಳೂರು ವಿಮಾನ ನಿಲ್ದಾಣದ ಡಿಜಿಯಾತ್ರಾದಲ್ಲಿ ಮುಖ ತೋರಿಸಿ ಒಳಗೆ ಹೋದೆ. ಇದೂ ಅದೇ ತಂತ್ರಜ್ಞಾನವೇ?
– ಮಂಗಳೂರು

ಉತ್ತರ: ತಂತ್ರಜ್ಞಾನ ಅದೇ, ಕೆಲಸ ಬೇರೆ. ಅಲ್ಲಿ ಯಂತ್ರ ಕೇಳುವುದು, ಟಿಕೆಟ್ ಜೊತೆ ತಮ್ಮ ಚಿತ್ರವನ್ನು ಕೊಟ್ಟವರು ನೀವೇ ಹೌದೇ ಎಂದು. ಜನಸಂದಣಿಯಲ್ಲಿ ನೀವು ಯಾರು ಎಂದು ಹುಡುಕುವುದಕ್ಕಿಂತ ಇದು ಬಹಳ ಸುಲಭವಾದ್ದರಿಂದ ತಪ್ಪೂ ಕಡಿಮೆ. ಇದು ಐಚ್ಛಿಕ, ಗುರುತಿನ ಚೀಟಿ ತೋರಿಸಿ ಒಳಹೋಗುವ ಸಾಲು ಈಗಲೂ ಇದೆ.

ಪ್ರಶ್ನೆ: ರಸ್ತೆಯಲ್ಲಿ ಹೋಗುವವರನ್ನು ನಿಲ್ಲಿಸಿ ಪೊಲೀಸರು ಫೋನಿನಲ್ಲಿ ಮುಖದ ಚಿತ್ರ ತೆಗೆಯಬಹುದೇ? ವ್ಯಾಪಾರಕ್ಕಾಗಿ ಆಗಾಗ ಹೈದರಾಬಾದಿಗೆ ಹೋಗುವುದರಿಂದ ಕೇಳುತ್ತಿದ್ದೇನೆ.
– ಕಲಬುರಗಿ

ಉತ್ತರ: 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ 1920ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಶಿಕ್ಷೆಗೊಳಗಾದವರು, ಬಂಧಿತರು, ಮುನ್ನೆಚ್ಚರಿಕೆ ಕಾನೂನಿನಡಿ ವಶದಲ್ಲಿರುವವರು ಮೊದಲಾದವರ ಬೆರಳಚ್ಚು, ಚಿತ್ರ, ಕಣ್ಣಿನ ಪಾಪೆಯ ಗುರುತುಗಳನ್ನು ತೆಗೆದುಕೊಳ್ಳಲು ಅದು ಅಧಿಕಾರ ಕೊಡುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅವನ್ನು 75 ವರ್ಷ ಇಟ್ಟುಕೊಳ್ಳಬಹುದು. ಮ್ಯಾಜಿಸ್ಟ್ರೇಟರು ತನಿಖೆಗೆ ಅಗತ್ಯವೆಂದು ಆದೇಶಿಸಿದರೆ ಇತರರೂ ಕೊಡಬೇಕಾಗುತ್ತದೆ. ಸುಮ್ಮನೆ ರಸ್ತೆಯಲ್ಲಿ ನಡೆದು ಹೋಗುತ್ತಿರುವವರು ಈ ಪಟ್ಟಿಯಲ್ಲಿಲ್ಲ. ಮುಖ ಗುರುತಿಸುವ ತಂತ್ರಜ್ಞಾನಕ್ಕೆಂದೇ ನಮ್ಮ ಸಂಸತ್ತು ಮಾಡಿದ ಕಾನೂನು ಯಾವುದೂ ಇಲ್ಲ.

ಹೈದರಾಬಾದಿನಲ್ಲಿ 2021ರಲ್ಲಿ ಪೊಲೀಸರು ಮಾಸ್ಕ್ ತೆಗೆಯಲು ಹೇಳಿ ಚಿತ್ರ ತೆಗೆದದ್ದನ್ನು ಪ್ರಶ್ನಿಸಿ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯು. ಮಸೂದ್ ತೆಲಂಗಾಣ ಹೈಕೋರ್ಟಿಗೆ ಹೋಗಿದ್ದಾರೆ. ಅವರ ವಾದಕ್ಕೆ ಆಧಾರವಾದದ್ದು ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಕನ್ನಡಿಗರು ನೆನಪಿಟ್ಟುಕೊಳ್ಳಬೇಕು. ಖಾಸಗಿತನಕ್ಕೆ ಸರ್ಕಾರ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು, ನ್ಯಾಯಯುತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕಷ್ಟೇ ಬಳಕೆ ಇರಬೇಕೆಂದು ತೀರ್ಪು ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಹೆಚ್ಚಿನ ರಕ್ಷಣೆ ನಿರೀಕ್ಷಿಸಬೇಡಿ. ಅಪರಾಧ ತಡೆ ಮತ್ತು ತನಿಖೆಗೆ ಅದು 17ನೇ ಕಲಮಿನಲ್ಲಿ ವಿಶಾಲ ವಿನಾಯಿತಿ ಕೊಟ್ಟಿದೆ.

ಪೊಲೀಸರೊಡನೆ ರಸ್ತೆಯಲ್ಲಿ ವಾಗ್ವಾದಕ್ಕೆ ಇಳಿಯಿರಿ ಎಂದು ನಾನು ಹೇಳುವುದಿಲ್ಲ. ಯಾವ ಕಾನೂನಿನಡಿ ತೆಗೆಯುತ್ತಿದ್ದೀರಿ ಎಂದು ವಿನಯದಿಂದ ಕೇಳಿ, ದಿನ, ವೇಳೆ, ಸ್ಥಳ ಬರೆದಿಟ್ಟುಕೊಂಡು, ಬಳಿಕ ಮೇಲಧಿಕಾರಿಗಳಿಗೆ ಪತ್ರ ಬರೆಯುವುದು ನಿಮ್ಮ ಹಕ್ಕು.

ಪ್ರಶ್ನೆ: ನಮ್ಮ ಮಗಳು ಕಾಣೆಯಾಗಿ ಮೂರನೆಯ ದಿನ ಸುರಕ್ಷಿತವಾಗಿ ಸಿಕ್ಕಳು. ಅವಳ ಚಿತ್ರ ನೂರಾರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗಲೂ ಸುತ್ತುತ್ತಿದೆ. ಏನು ಮಾಡಬೇಕು?
– ಶಿವಮೊಗ್ಗ

ಉತ್ತರ: ಮಗಳು ಮನೆ ಸೇರಿದ್ದು ಕೇಳಿ ಸಮಾಧಾನವಾಯಿತು. ನೀವು ಮೊದಲು ಚಿತ್ರ ಕಳುಹಿಸಿದ ಗುಂಪುಗಳಿಗೇ ಮಗು ಸಿಕ್ಕಿದೆ, ಚಿತ್ರ ಅಳಿಸಿ ಎಂದು ಬರೆಯಿರಿ. ಆದರೆ ಈ ಸಂದೇಶದ ಜೊತೆ ಚಿತ್ರವನ್ನು ಮತ್ತೆ ಹಾಕಬೇಡಿ. ಹಲವರು ಮಾಡುವ ತಪ್ಪು ಅದೇ. ಫೇಸ್‌ಬುಕ್ಕಿನಂಥ ಕಡೆ ಹಾಕಿದವರನ್ನು ಹುಡುಕಿ ತೆಗೆಸಿ.

ಇನ್ನೊಂದು ಕೆಲಸವನ್ನು ಸಂತೋಷದ ಗಡಿಬಿಡಿಯಲ್ಲಿ ಅನೇಕ ಮನೆಯವರು ಮರೆಯುತ್ತಾರೆ. ದೂರು ಕೊಟ್ಟ ಠಾಣೆಗೆ ಹೋಗಿ, ಮಗಳು ಸಿಕ್ಕಿದ್ದಾಳೆಂದು ಹೇಳಿಕೆ ಬರೆದುಕೊಟ್ಟು, ಕಾಣೆಯಾದವರ ದಾಖಲೆಯಿಂದ ಅವಳನ್ನು ತೆಗೆದುಹಾಕಿದ್ದಾರೆಂದು ಖಚಿತಪಡಿಸಿಕೊಳ್ಳಿ. ಹಾಗೆ ಮಾಡದಿದ್ದರೆ ಮನೆಯಲ್ಲಿ ಓದುತ್ತ ಕುಳಿತ ಮಗುವಿನ ಮುಖ ಸಂಗ್ರಹದಲ್ಲಿ ಕಾಣೆಯಾದ ಮುಖವಾಗಿಯೇ ಉಳಿಯುತ್ತದೆ. ಇನ್ನೆಲ್ಲೋ ಒಂದು ಊರಿನ ಧಾಮದಲ್ಲಿರುವ, ಅವಳನ್ನು ಹೋಲುವ ಇನ್ನೊಬ್ಬ ಹುಡುಗಿಯನ್ನು ಯಂತ್ರ ಶಿವಮೊಗ್ಗದವಳೆಂದು ತೋರಿಸುತ್ತಿರುತ್ತದೆ.